ಬಾನು ಮುಷ್ತಾಕ್ ಕತೆಗಳಾದ ಮೇಲೆ ಏನು ಓದಬಹುದು?

ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ನ ಕತೆಗಳೆಲ್ಲ ಒಂದೇ ಥರ ಅನ್ನಿಸಿದವು, ಮುಂದೆ ಸ್ತ್ರೀವಾದಿ ಚರಿತ್ರೆ ಓದಲೋ ಆತ್ಮಕಥನವೋ ಎಂದು ಕೇಳಿದ್ದೀರಿ. ಅದರಲ್ಲಿರುವ 12 ಕತೆಗಳು 1990ರಿಂದ 2023ರವರೆಗೆ ಬಿಡಿಬಿಡಿಯಾಗಿ ಬರೆದವು. ಒಂದೇ ಉಸಿರಿಗೆ ಓದಿದರೆ ಗಂಡಂದಿರ ಕ್ರೌರ್ಯ ಮಾತ್ರ ನೆನಪಲ್ಲಿ ಉಳಿಯುತ್ತದೆ. ದಿನಕ್ಕೊಂದು ಸಾಕು. ‘ಕರಿ ನಾಗರಗಳು’ ಕತೆಯನ್ನು ಕನ್ನಡದಲ್ಲೇ ಮತ್ತೊಮ್ಮೆ ಓದಿ. ಅಲ್ಲಿ ನ್ಯಾಯ ಕೇಳಲು ಮಸೀದಿಗೆ ಬಂದವಳಷ್ಟೇ, ಅವಳ ಮಾತಿಗೆ ಕಿವಿಗೊಡದ ಮುತವಲ್ಲಿಯೂ (ಮಸೀದಿಯ ಆಡಳಿತ ನೋಡಿಕೊಳ್ಳುವವನು) ಮುಖ್ಯ.

ಮುಂದಕ್ಕೆ ಆತ್ಮಕಥನವೇ ಮೊದಲಾಗಲಿ. ವಿಜಯಾ ಅವರ ‘ಕುದಿ ಎಸರು’ ಹಿಡಿಯಿರಿ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮನೆಯೊಳಗಿನ ಹಿಂಸೆಯನ್ನು ಕತೆಯ ಆಸರೆಯಿಲ್ಲದೆ ಹೇಳುವ ಧೈರ್ಯ ಅದಕ್ಕಿದೆ.

ಚರಿತ್ರೆಗೆ ತೆಲಂಗಾಣದ ರೈತರ 1946–51ರ ಸಶಸ್ತ್ರ ಹೋರಾಟದಲ್ಲಿದ್ದ ಹೆಂಗಸರ ಮಾತುಗಳನ್ನು ‘ಸ್ತ್ರೀ ಶಕ್ತಿ ಸಂಘಟನೆ’ ಎಂಬ ಮಹಿಳಾ ಗುಂಪು ಕೂಡಿಸಿದ ‘ವಿ ವರ್ ಮೇಕಿಂಗ್ ಹಿಸ್ಟರಿ’ (1989) ನೋಡಿ. ಇದನ್ನು ಅರ್ಧಕ್ಕೇ ಬಿಡುವುದು ಸುಲಭ: ಊರು, ದಳ (ಹೋರಾಟಗಾರರ ಸಶಸ್ತ್ರ ತುಕಡಿ), ನಾಯಕರ ಹೆಸರುಗಳು ಒಟ್ಟಿಗೆ ಮೈಮೇಲೆ ಬೀಳುತ್ತವೆ, ಇಸವಿಗಳು ಹಿಂದುಮುಂದಾಗುತ್ತವೆ. ಪಕ್ಕದಲ್ಲೊಂದು ಹಾಳೆಯಿಟ್ಟು ಹೆಸರುಗಳನ್ನು ಬರೆದುಕೊಳ್ಳಿ. ತನ್ನ ಹೊಲದ ಬೆಳೆಗಾಗಿ ದೇಶಮುಖನ (ಊರಿನ ದೊಡ್ಡ ಜಮೀನ್ದಾರ) ಎದುರು ನಿಂತ ಚಾಕಲಿ ಐಲಮ್ಮನಿಂದ ಆರಂಭಿಸಿ, ಆಮೇಲೆ ದಳವನ್ನು ಮುನ್ನಡೆಸಿದ ಮಲ್ಲು ಸ್ವರಾಜ್ಯಂ ಅವರ ಮಾತುಗಳನ್ನು ಓದಿ. ಹೋರಾಟ ಮುಗಿದ ಮೇಲೆ ಹೆಂಗಸರನ್ನು ಮತ್ತೆ ಮನೆಗೇ ಕಳಿಸಿದ ಭಾಗ ಬಂದಾಗ ಅವಸರ ಬೇಡ. ನನಗೆ ಆ ಪುಸ್ತಕದ ಜೀವ ಇರುವುದೇ ಅಲ್ಲಿ.