ಬೀಟಾ ಏರಿದ್ದು ಮಿದುಳಿನಲ್ಲೋ ದವಡೆಯಲ್ಲೋ?

ಪ್ರಶ್ನೆ: ಗುಂಪಾಗಿ ಕೂತು ಕುಡಿಯುತ್ತಿದ್ದವರ ತಲೆಗೆ ವೈರ್‌ಲೆಸ್ ಇಇಜಿ (ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿಂದ ಅಳೆಯುವ ವಿಧಾನ) ಪಟ್ಟಿ ಕಟ್ಟಿ ದಾಖಲಿಸಿದೆವು. ಎರಡನೇ ಗ್ಲಾಸಿನ ನಂತರ ಎಲ್ಲರಲ್ಲೂ ಬೀಟಾ ಅಲೆಗಳು, ಅಂದರೆ ಮಿದುಳಿನ ವೇಗದ ವಿದ್ಯುತ್ ಅಲೆಗಳು, ಏರಿವೆ. ಇದು ಮದ್ಯದ ಪರಿಣಾಮವೇ?

ಉತ್ತರ: ಇರಬಹುದು, ಆದರೆ ಮೊದಲು ದವಡೆಯನ್ನು ಅನುಮಾನಿಸಿ. ಇಇಜಿ ಸಂಕೇತ ಕೆಲವೇ ಹತ್ತು ಮೈಕ್ರೋವೋಲ್ಟ್‌ಗಳಷ್ಟು. ದವಡೆ, ಹಣೆಯ ಸ್ನಾಯುಗಳ ವಿದ್ಯುತ್ತು ಅದನ್ನು ಸುಲಭವಾಗಿ ನುಂಗುತ್ತದೆ, ಅದೂ 20 ಹರ್ಟ್ಸ್‌ನಿಂದ ಮೇಲೆ, ಬೀಟಾ ಇರುವ ಜಾಗದಲ್ಲೇ. ಕುಡಿದಷ್ಟೂ ಮಾತು, ನಗು ಜೋರಾಗುವುದರಿಂದ ಸ್ನಾಯುಗಳ ಈ ವಿದ್ಯುತ್ ಗದ್ದಲವೂ ಮದ್ಯದ ಜೊತೆಗೇ ಏರುತ್ತದೆ. ಹಾಗಾಗಿ ಸರಾಸರಿ ತೆಗೆದರೂ ಅದು ಅಳಿಯುವುದಿಲ್ಲ. ಸಾಫ್ಟ್‌ವೇರ್ ಶೋಧಕಗಳನ್ನೂ ಪೂರ್ತಿ ನಂಬಬೇಡಿ. ನಾಲ್ಕೈದು ಎಲೆಕ್ಟ್ರೋಡಿನ ಪಟ್ಟಿಯಲ್ಲಿ ಸ್ನಾಯುವನ್ನು ಮಿದುಳಿನಿಂದ ಬೇರ್ಪಡಿಸುವಷ್ಟು ಮಾಹಿತಿಯೇ ಇರುವುದಿಲ್ಲ.

ಹರಟೆಯ ನಡುವಿನ ದಾಖಲೆಯನ್ನು ಪಕ್ಕಕ್ಕಿಡಿ. ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಸುಮ್ಮನೆ ಕೂರಿಸಿ, ದವಡೆ ಸಡಿಲ ಬಿಡಲು ಹೇಳಿ. ಒಂದು ನಿಮಿಷ ಕಣ್ಣು ಮುಚ್ಚಿ, ಒಂದು ನಿಮಿಷ ತೆರೆದು. ಇನ್ನೂ ಹೆಚ್ಚು ಮುಚ್ಚಿಸಿದರೆ ತೂಕಡಿಕೆ ಶುರು, ಅದರ ಥೀಟಾ (ನಿಧಾನಗತಿಯ ಮಿದುಳಿನ ಅಲೆ) ಮದ್ಯದ ಥೀಟಾದೊಂದಿಗೆ ಬೆರೆಯುತ್ತದೆ. ಆಮೇಲೆ ಇಯರ್‌ಫೋನಿನಲ್ಲಿ ಸೆಕೆಂಡಿಗೊಂದರಂತೆ 200 ಬೀಪ್ ಕೇಳಿಸಿ: 160 ಒಂದೇ ಬಗೆಯವು, ಮಧ್ಯೆ ಮಧ್ಯೆ 40 ಬೇರೆ ಸ್ವರದವು. ಅಪರೂಪದವನ್ನು ಮನಸ್ಸಿನಲ್ಲೇ ಎಣಿಸಲಿ. ಅವುಗಳ ಬೆನ್ನಿಗೆ ನಡುನೆತ್ತಿಯ ಹಿಂಭಾಗದಲ್ಲಿ ಮೂಡುವ ಪಿ300 ಅಲೆ ಮದ್ಯದಿಂದ ಕುಗ್ಗುತ್ತದೆ. ಬೇಸರದಿಂದಲೂ ಕುಗ್ಗುತ್ತದೆ! ಅದಕ್ಕೇ ಇದೇ ಗುಂಪನ್ನು ಮದ್ಯವಿಲ್ಲದ ಇನ್ನೊಂದು ದಿನ ಇದೇ ಕ್ರಮದಲ್ಲಿ ಕೂರಿಸಬೇಕು. ಅರ್ಧದಷ್ಟು ಗುಂಪುಗಳಿಗೆ ಮದ್ಯವಿಲ್ಲದ ದಿನವೇ ಮೊದಲು ಬರಲಿ.

ಪ್ರಶ್ನೆ: ಕುಡಿದ ಗ್ಲಾಸುಗಳ ಲೆಕ್ಕ ಬರೆದಿಟ್ಟರೆ ಸಾಲದೇ?

ಉತ್ತರ: ಸಾಲದು. ಮೈತೂಕ, ಲಿಂಗ, ಹೊಟ್ಟೆಯಲ್ಲಿರುವ ಊಟ ಎಲ್ಲವೂ ರಕ್ತದಲ್ಲಿನ ಮದ್ಯದ ಮಟ್ಟವನ್ನು ಬದಲಿಸುತ್ತವೆ. ಪ್ರತಿ ಬಿಡುವಿನಲ್ಲೂ ಉಸಿರಿನಲ್ಲಿರುವ ಮದ್ಯವನ್ನು ಅಳೆಯಿರಿ. ಕೊನೆಯ ಗುಟುಕಿನ ನಂತರ 15 ನಿಮಿಷ ಕಾಯದಿದ್ದರೆ ಬಾಯಲ್ಲಿ ಉಳಿದ ಮದ್ಯವೇ ಅಂಕಿಯನ್ನು ಉಬ್ಬಿಸುತ್ತದೆ. ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ಗುರುತಿಸಿಕೊಳ್ಳಿ. ಒಂದೇ ಅಂಕಿಯಲ್ಲಿ ಏರುವಾಗಿನ ಅಮಲೇ ಸಾಮಾನ್ಯವಾಗಿ ಹೆಚ್ಚು. ಒಪ್ಪಿಗೆ ಪತ್ರಕ್ಕೆ ಸಹಿ ಮೊದಲ ಗುಟುಕಿಗಿಂತ ಮುಂಚೆಯೇ ಆಗಬೇಕು. ಅಮಲಿಳಿಯುವ ತನಕ ಯಾರೂ ವಾಹನ ಓಡಿಸಬಾರದು.

ಪ್ರಶ್ನೆ: ಇಇಜಿ ಬದಲು ಬೆಳಕಿನಿಂದ ರಕ್ತದ ಹರಿವು ಅಳೆಯುವ ಎಫ್‌ಎನ್‌ಐಆರ್‌ಎಸ್ ಬಳಸಬಹುದೇ?

ಉತ್ತರ: ಬಳಸಬಹುದು, ಸ್ನಾಯುಗಳ ವಿದ್ಯುತ್ತಿನ ಕಾಟ ಅದಕ್ಕಿಲ್ಲ. ತೊಡಕು ಬೇರೆ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆಳಕು ಆ ಚರ್ಮವನ್ನು ದಾಟಿಯೇ ಒಳಹೋಗಬೇಕು. ಬೆಳಕಿನ ಮೂಲ ಮತ್ತು ಸಂವೇದಕದ ನಡುವೆ 3 ಸೆಂ.ಮೀ. ಅಂತರವಿರುವ ಜೋಡಿಗಳ ಜೊತೆಗೆ 8 ಮಿ.ಮೀ. ಅಂತರದ ಜೋಡಿಯೂ ಇರುವ ಉಪಕರಣವನ್ನೇ ಆರಿಸಿ. ಚಿಕ್ಕ ಜೋಡಿ ಬಹುಮಟ್ಟಿಗೆ ಚರ್ಮವನ್ನಷ್ಟೇ ಅಳೆಯುತ್ತದೆ, ಅದನ್ನು ದೊಡ್ಡ ಜೋಡಿಗಳ ಅಳತೆಯಿಂದ ಕಳೆಯಬಹುದು.