ಪೋರ್ಟಿಕೋ ಲೈಬ್ರರಿ ಕಟ್ಟಿದ್ದು ಲಂಡನ್ನಿನವರಲ್ಲ

ಮ್ಯಾಂಚೆಸ್ಟರಿನ ಪೋರ್ಟಿಕೋ ಲೈಬ್ರರಿ ನೋಡಿ, ಇಷ್ಟು ಚಂದದ ಕಟ್ಟಡ ಲಂಡನ್ನಿನ ಯಾರೋ ದೊಡ್ಡ ವಾಸ್ತುಶಿಲ್ಪಿಯದೇ ಇರಬೇಕು ಅಲ್ವಾ ಎಂದು ಕೇಳಿದ್ದೀರಿ. ಅಲ್ಲ. ಇದು ಥಾಮಸ್ ಹ್ಯಾರಿಸನ್ ಅವರ ಕೆಲಸ. ಯಾರ್ಕ್‌ಶೈರಿನ ರಿಚ್ಮಂಡಿನಲ್ಲಿ ಬಡಗಿಯ ಮಗನಾಗಿ ಹುಟ್ಟಿದವರು. ಯುವಕರಾಗಿದ್ದಾಗ ಕೆಲವು ವರ್ಷ ರೋಮ್‌ನಲ್ಲಿ ಕಲಿತರು. ಆಮೇಲೆ ಲಂಡನ್ನಿನಲ್ಲಿ ನೆಲೆಸದೆ ವಾಯವ್ಯ ಇಂಗ್ಲೆಂಡಿನ ಲ್ಯಾಂಕಾಸ್ಟರ್, ಚೆಸ್ಟರ್ ಊರುಗಳ ಕಡೆಯೇ ಬಾಳಿದರು.

ಲೈಬ್ರರಿ 1806ರಲ್ಲಿ ತೆರೆಯಿತು. ಮೋಸ್ಲಿ ಸ್ಟ್ರೀಟಿಗೆ ಮುಖ ಮಾಡಿ ನಾಲ್ಕು ಅಯಾನಿಕ್ ಕಂಬಗಳು (ತುದಿಯಲ್ಲಿ ಸುರುಳಿಯಿರುವ ಗ್ರೀಕ್ ಶೈಲಿಯವು), ಮೇಲೆ ತ್ರಿಕೋನದ ಮುಡಿ. ಅಷ್ಟೇ, ಜಾಸ್ತಿ ಅಲಂಕಾರವಿಲ್ಲ. ನನಗೆ ಅತಿ ಇಷ್ಟವಾಗುವುದು ಒಳಗಿನ ಗಾಜಿನ ಗುಮ್ಮಟ. ಮೊದಲು ಕೆಳಗೆ ಪತ್ರಿಕೆ ಓದುವವರ ಮೇಲೂ ಅದರ ಬೆಳಕು ಸುರಿಯುತ್ತಿತ್ತು. ಆಮೇಲೆ ನಡುವೆ ಮಹಡಿ ಹಾಕಿದರು. ಅದೊಂದು ನಿಜಕ್ಕೂ ಬೇಸರದ ಸಂಗತಿ. ಥೆಸಾರಸ್ ಎಂಬ ಇಂಗ್ಲಿಷ್ ಸಮಾನಾರ್ಥಕ ಪದಗಳ ಕೋಶ ಮಾಡಿದ ರೋಜೆ ಅವರೇ ಇಲ್ಲಿನ ಮೊದಲ ಕಾರ್ಯದರ್ಶಿ.

ಕಟ್ಟಡದ ಮುಂದೆ ನಿಂತು ಸುಮ್ನೆ ಫೋಟೋ ತೆಗೆದು ಹೋಗಬೇಡಿ. ಷಾರ್ಲೆಟ್ ಸ್ಟ್ರೀಟ್ ಕಡೆಗೂ ತಿರುಗಿ. ಅಲ್ಲಿ ಗೋಡೆಗೆ ಅಂಟಿದ ಕಂಬಗಳ ಉದ್ದನೆಯ ಸಾಲಿದೆ. ಸಮಯವಿದ್ದರೆ ಚೆಸ್ಟರಿಗೂ ಹೋಗಿ, ಡೀ ನದಿಯ ಗ್ರೋವ್ನರ್ ಸೇತುವೆ ನೋಡಿ. ಕಲ್ಲುಗಳಿಂದ ಕಟ್ಟಿದ ಒಂದೇ ಕಮಾನು, ಹರವು 200 ಅಡಿ. ಅದೂ ಹ್ಯಾರಿಸನ್ನರದೇ ವಿನ್ಯಾಸ. ಅದು ಮುಗಿಯುವ ಮೊದಲೇ, 1829ರಲ್ಲಿ ಅವರು ತೀರಿಕೊಂಡರು.