ಬಾಣಂತಿಯ ಬ್ರಾಂದಿ, ಕೂಸಿನ ಹಾಲು

ಪ್ರಶ್ನೆ: ನಾನು ಅಂಕೋಲಾ ಸಮೀಪದ ಹಳ್ಳಿಯವಳು. ಹೆರಿಗೆಯಾಗಿ ಇಪ್ಪತ್ತೈದು ದಿನಗಳಾದವು. ಥಂಡಿಯಾಗಬಾರದೆಂದು, ಹಾಲು ಹೆಚ್ಚಲೆಂದು ಅತ್ತೆ ದಿನವೂ ರಾತ್ರಿ ಸಣ್ಣ ಲೋಟದಲ್ಲಿ ಬ್ರಾಂದಿ ಕೊಡುತ್ತಾರೆ. ಆಮೇಲೆ ಮಗು ಎದೆ ಚೀಪುತ್ತಲೇ ಅಳುತ್ತದೆ. ಆ ಹಾಲನ್ನು ಹಿಂಡಿ ಚೆಲ್ಲಿದರೆ ಸಾಕೇ? ಬೇಡವೆಂದರೆ ಅತ್ತೆ ನೊಂದುಕೊಳ್ಳುತ್ತಾರೆ, ಪತಿ ಸುಮ್ಮನಿರುತ್ತಾರೆ.

ಉತ್ತರ: ಕುಡಿದದ್ದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ಹಾಲುಣಿಸುವುದನ್ನಂತೂ ಬಿಡಲೇಬೇಡಿ. ಬಿಡಬೇಕಾದದ್ದು ಬ್ರಾಂದಿಯೊಂದನ್ನೇ, ಅದೂ ಇಂದಿನಿಂದಲೇ.

ತಾಯಿಯ ರಕ್ತದಲ್ಲಿ ಮದ್ಯದ ಅಂಶ ಎಷ್ಟಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಎದೆಹಾಲಿನಲ್ಲಿಯೂ ಇರುತ್ತದೆ; ಕುಡಿದ ಅರ್ಧದಿಂದ ಒಂದು ಗಂಟೆಯೊಳಗೆ ಅದು ಗರಿಷ್ಠ ಮಟ್ಟಕ್ಕೇರಿ, ರಕ್ತದಲ್ಲಿ ಇಳಿದಂತೆ ಹಾಲಿನಲ್ಲಿಯೂ ಇಳಿಯುತ್ತದೆ. ಆದುದರಿಂದ ಹಿಂಡಿ ಚೆಲ್ಲಿ ಉಪಯೋಗವಿಲ್ಲ, ಹೊಸದಾಗಿ ತುಂಬುವ ಹಾಲಿಗೂ ಅದು ಸೇರುತ್ತದೆ. 30 ಮಿ.ಲೀ. ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರವಿದ್ದು, ಅದು ಇಳಿಯಲು ಎರಡು ಗಂಟೆಯಾದರೂ ಬೇಕು; 60 ಮಿ.ಲೀ. ಆದರೆ ಅದರ ದುಪ್ಪಟ್ಟು. ಎರಡು ಗಂಟೆಗೊಮ್ಮೆ ಹಾಲಿಗೆ ಏಳುವ ಹಸುಗೂಸಿನ ತಾಯಿ ಅಷ್ಟು ಹೊತ್ತು ಕಾಯುವುದಾದರೂ ಹೇಗೆ? ಕೂಸಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅದಕ್ಕೆ ಸೇರಿದ ಅಲ್ಪ ಮದ್ಯವೂ ನಿಧಾನವಾಗಿಯೇ ಕರಗುತ್ತದೆ.

ಹಾಲು ಹೆಚ್ಚುತ್ತದೆಂಬ ನಂಬಿಕೆ ನಿಜಕ್ಕೆ ವಿರುದ್ಧವಾದದ್ದು. ಹಾಲು ಇಳಿಯುವಂತೆ ಮಾಡುವ ಆಕ್ಸಿಟೋಸಿನ್ ಹಾರ್ಮೋನನ್ನು ಮದ್ಯ ತಗ್ಗಿಸುವುದರಿಂದ, ಮಗು ಎಷ್ಟು ಚೀಪಿದರೂ ಸಿಗುವ ಹಾಲು ಕಡಿಮೆ. ನೀವು ಗಮನಿಸಿದ ಅಳುವಿಗೆ ಇದೇ ಕಾರಣವಿರಬಹುದು. ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡುವುದು ಕುಡಿದ ಮೇಲಿನ ನಿಮ್ಮ ನಿದ್ದೆ. ಮದ್ಯದ ಮಂಪರಿನಲ್ಲಿ ಪಕ್ಕದಲ್ಲೇ ಮಲಗಿದ ಕೂಸಿನ ಮೇಲೆ ಕೈ ಬಿದ್ದರೂ, ಹೊದಿಕೆ ಸರಿದು ಮುಖ ಮುಚ್ಚಿದರೂ ಎಚ್ಚರವಾಗದೆ ಹೋಗಬಹುದು, ಮಗುವಿನ ಉಸಿರೇ ಕಟ್ಟಬಹುದು.

ಇನ್ನು ಅತ್ತೆಯವರ ವಿಚಾರ. ಅವರ ಕಾಳಜಿ ನಿಜವಾದದ್ದು, ಬಹುಶಃ ತಮ್ಮ ಬಾಣಂತನದಲ್ಲಿ ಕಂಡದ್ದನ್ನೇ ಅವರು ಮಾಡುತ್ತಿದ್ದಾರೆ. ಬ್ರಾಂದಿಯಿಂದ ಚರ್ಮವಷ್ಟೇ ಬೆಚ್ಚಗಾಗುತ್ತದೆ, ದೇಹದ ಶಾಖ ಹೊರಗೆ ಹೋಗುತ್ತದೆ ಎಂಬುದನ್ನು ನೀವು ಹೇಳಿದರೆ ಎದುರು ಮಾತಾದೀತು. ಹೆರಿಗೆಯ 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕಾಗಿರುವುದರಿಂದ, ಅವರಿಗೆ ಮೊದಲೇ ತಿಳಿಸಿ, ಅತ್ತೆಯವರ ಎದುರಿನಲ್ಲೇ ವಿಷಯ ಎತ್ತುವಂತೆ ಕೇಳಿಕೊಳ್ಳಿ. ಅಲ್ಲಿಯವರೆಗೆ "ಅಮ್ಮಾ, ಬಿಸಿನೀರಿನ ಸ್ನಾನ, ಕಾಳುಮೆಣಸು-ಬೆಳ್ಳುಳ್ಳಿ ಸಾರು ಎಲ್ಲ ನಿಮ್ಮ ಕೈಯಿಂದಲೇ ಬೇಕು, ಇದೊಂದು ಬೇಡ" ಎಂದು ಹೇಳಿ. ಅಂದು ಪತಿ ನಿಮ್ಮ ಜೊತೆ ಕೂತಿರಲೇಬೇಕು; ಮಗು ಅವರದ್ದೂ ಹೌದು.

ನೆಗಡಿಗೆಂದು ಬ್ರಾಂದಿಯ ಹನಿಯನ್ನು ಕೂಸಿನ ಬಾಯಿಗೆ ಹಾಕಲು, ಎದೆಗೆ ಹಚ್ಚಲು ಯಾರಿಗೂ ಬಿಡಬೇಡಿ. ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಹಾಲು ಪೂರ್ತಿ ಬಿಟ್ಟರೆ, ಬೆಳಗಾಗಲೆಂದು ಕಾಯದೆ ಆಗಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ, ಬ್ರಾಂದಿ ಕುಡಿದದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.